ಮರಳನ್ನು ಓದಿದ ಪತ್ತೇದಾರ

ಪತ್ತೇದಾರಿ ಕಾದಂಬರಿಗೆ ಮೊದಲು ಬೇಕಾದುದು ಒಂದು ಶವ. ಆ ಶವವೇ ಸಿಗದೆ, ರಕ್ತದ ಕಲೆಯಾಗಲಿ ಮೂಳೆಯ ಚೂರಾಗಲಿ ಉಳಿಯದೆ, ಮನುಷ್ಯನೊಬ್ಬನು ಇದ್ದನೆಂಬುದಕ್ಕೇ ಸಾಕ್ಷ್ಯವಿಲ್ಲದಂತೆ ಕಣ್ಮರೆಯಾದರೆ, ಪತ್ತೇದಾರನಾದವನು ಯಾವ ಎಳೆಯನ್ನು ಹಿಡಿದು ಹೊರಡಬೇಕು? 1929ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಸೀಮೆಯಲ್ಲಿ ಬೇಲಿ ಕಾಯುವ ಕೆಲಸದಲ್ಲಿದ್ದ ಆರ್ಥರ್ ಅಪ್‌ಫೀಲ್ಡರನ್ನು ಕಾಡುತ್ತಿದ್ದುದು ಇದೇ ಪ್ರಶ್ನೆ.

ಆ ಬೇಲಿಯೂ ಸಾಮಾನ್ಯವಾದುದಲ್ಲ. ಬೇಟೆಯ ವಿನೋದಕ್ಕೆಂದು 1859ರಲ್ಲಿ ವಿಕ್ಟೋರಿಯ ಪ್ರಾಂತದ ಜಮೀನ್ದಾರನೊಬ್ಬನು ಬಿಟ್ಟ ಎರಡು ಡಜನ್ ಮೊಲಗಳ ಸಂತಾನವು ಕೆಲವೇ ದಶಕಗಳಲ್ಲಿ ಖಂಡವನ್ನೇ ವ್ಯಾಪಿಸಿ ಹುಲ್ಲುಗಾವಲುಗಳನ್ನು ಬೋಳಾಗಿಸಿದಾಗ, ಅವು ಪಶ್ಚಿಮಕ್ಕೆ ನುಗ್ಗದಂತೆ ತಡೆಯಲು ಸರ್ಕಾರವು 1901ರಿಂದ 1907ರವರೆಗೆ ದಕ್ಷಿಣದ ಕಡಲಿನಿಂದ ವಾಯವ್ಯದ ಕಡಲಿನವರೆಗೆ 1,833 ಕಿಲೋಮೀಟರು ಉದ್ದಕ್ಕೆ ತಂತಿಜಾಲವನ್ನು ಎಳೆಸಿತು. ಅದರ ಕಾವಲುಗಾರನು ಒಂಟೆ ಹೂಡಿದ ಗಾಡಿಯಲ್ಲಿ ತನ್ನ ಪಾಲಿನ ಮೈಲಿಗಳನ್ನು ಹಗಲೆಲ್ಲ ಕ್ರಮಿಸಿ, ತುಕ್ಕು ಹಿಡಿದ ತಂತಿಯನ್ನು ಬಿಗಿದು, ಗಾಳಿಯು ಉರುಳಿಸಿ ತಂದು ಜಾಲಕ್ಕೆ ಒತ್ತಿದ ಒಣ ಪೊದೆಗಳನ್ನು ಕವೆಗೋಲಿನಿಂದ ಎತ್ತಿ ಆಚೆಗೆಸೆದು, ಕತ್ತಲಾದಲ್ಲಿ ಬೆಂಕಿ ಹಾಕಿಕೊಂಡು ಮಲಗಬೇಕು. ಆ ಏಕಾಂತದ ಬೆಂಕಿಯ ಬೆಳಕಿನಲ್ಲಿಯೇ ಅಪ್‌ಫೀಲ್ಡರು ಕಾದಂಬರಿ ಬರೆಯುತ್ತಿದ್ದರು.

ಅವರ ಸಮಸ್ಯೆಗೆ ಪರಿಹಾರ ಸೂಚಿಸಿದವನು ಜಾರ್ಜ್ ರಿಚಿ ಎಂಬ ಸಹೋದ್ಯೋಗಿ. ಹೆಣವನ್ನು ಮೃಗವೊಂದರ ಕಳೇಬರದೊಡನೆ ಸುಡುವುದು. ಬೂದಿಯನ್ನು ಜರಡಿ ಹಿಡಿದು ಲೋಹದ ಚೂರುಗಳನ್ನು ಆರಿಸಿ ಆಮ್ಲದಲ್ಲಿ ಕರಗಿಸುವುದು. ಉಳಿದ ಮೂಳೆಯನ್ನು ಚಿನ್ನದ ಅದಿರು ಕುಟ್ಟುವ ಕಬ್ಬಿಣದ ಒರಳಿನಲ್ಲಿ ಪುಡಿಮಾಡಿ ಗಾಳಿಗೆ ತೂರುವುದು. ಉಪಾಯವು ಎಷ್ಟು ಪರಿಪೂರ್ಣವಾಗಿತ್ತೆಂದರೆ, ತಮ್ಮ ಪತ್ತೇದಾರನಿಗೆ ಪ್ರವೇಶಿಸಲು ಸಂದೇ ಉಳಿಯದೆ ಹೋಗಿ, ಇದರಲ್ಲಿ ದೋಷವೊಂದನ್ನು ಹುಡುಕಿಕೊಟ್ಟರೆ ಒಂದು ಪೌಂಡ್ ಕೊಡುವುದಾಗಿ ಅಪ್‌ಫೀಲ್ಡರು ರಿಚಿಗೇ ಹೇಳಬೇಕಾಯಿತು. ಹಣದ ಆಸೆಗೋ ಒಗಟಿನ ಆಕರ್ಷಣೆಗೋ ರಿಚಿಯು ದಾರಿಯಲ್ಲಿ ಸಿಕ್ಕವರನ್ನು ಕೇಳತೊಡಗಿದನು. ಅಕ್ಟೋಬರ್ ತಿಂಗಳಿನ ಒಂದು ಸಂಜೆ ‘ಕ್ಯಾಮೆಲ್ ಸ್ಟೇಷನ್’ ಎಂಬ ತಂಗುದಾಣದಲ್ಲಿ ಹಲವರು ಸೇರಿದ್ದಾಗ ಇದೇ ಮಾತು ಮತ್ತೆ ನಡೆಯಿತು. ಕೇಳುತ್ತ ಕುಳಿತವರಲ್ಲಿ ಸ್ನೋಯಿ ರೌಲ್ಸ್ ಎಂಬ ಹೆಸರಿನಿಂದ ಸಂಚರಿಸುತ್ತಿದ್ದ, ಎಲ್ಲರಿಗೂ ಬೇಕಾದವನಾಗಿದ್ದ ತರುಣನೊಬ್ಬನಿದ್ದನು.

ಡಿಸೆಂಬರಿನಲ್ಲಿ ರೌಲ್ಸನ ಸಂಗಡ ಹೊರಟ ರಯನ್ ಮತ್ತು ಲಾಯ್ಡ್ ಎಂಬಿಬ್ಬರು ಕಾಣೆಯಾದರು. 1930ರ ಮೇ ತಿಂಗಳಲ್ಲಿ ಲೂಯಿ ಕ್ಯಾರನ್ ಎಂಬ ನ್ಯೂಜಿಲೆಂಡಿನವನು ಕಾಣೆಯಾದನು. ಕೆಲಸ ಅರಸಿ ಊರಿಂದೂರಿಗೆ ಅಲೆಯುವವರೇ ತುಂಬಿದ್ದ ಆ ಸೀಮೆಯಲ್ಲಿ ಒಬ್ಬನು ಕಾಣದಿದ್ದರೆ ಮುಂದಕ್ಕೆ ಹೋಗಿರಬಹುದೆಂದು ಭಾವಿಸುವುದು ಸಹಜವಾದುದರಿಂದ ಬಹುಕಾಲ ಯಾರೂ ವಿಚಾರಿಸಲಿಲ್ಲ. ಕ್ಯಾರನನ ಸ್ನೇಹಿತನೊಬ್ಬನು ಪತ್ರಕ್ಕೆ ಉತ್ತರ ಬಾರದೆ ಕಳವಳಗೊಂಡ ಮೇಲೆಯೇ ಪೊಲೀಸರು ಎಚ್ಚೆತ್ತರು. ಬೇಲಿಯ ಬಳಿಯ ಗುಡಿಸಿಲೊಂದರ ಸಮೀಪದ ಬೂದಿಯಲ್ಲಿ ಸುಟ್ಟ ಮೂಳೆ, ಕೃತಕ ದಂತಗಳ ಅವಶೇಷ, ಮತ್ತು ಒಂದು ಚಿನ್ನದ ಉಂಗುರ ದೊರೆತವು. ಆಕ್ಲೆಂಡಿನ ಆಭರಣದಂಗಡಿಯಲ್ಲಿ ಆ ಉಂಗುರದ ಅಳತೆಯನ್ನು ಸರಿಪಡಿಸುವಾಗ, ಹದಿನೆಂಟು ಕ್ಯಾರಟ್ಟಿನ ಚಿನ್ನಕ್ಕೆ ಒಂಬತ್ತು ಕ್ಯಾರಟ್ಟಿನ ಬೆಸುಗೆಯನ್ನು ಹಾಕಲಾಗಿತ್ತು. ಅಕ್ಕಸಾಲಿಯ ಆ ಅಲ್ಪ ಅನವಧಾನವೇ ಉಂಗುರವು ಕ್ಯಾರನನದೆಂಬುದಕ್ಕೆ ಗುರುತಾಯಿತು. ಕಾದಂಬರಿಯ ಕೊಲೆಗಾರನು ಕೊನೆಯವರೆಗೆ ನಡೆಸಿದ ಜರಡಿ ಹಿಡಿಯುವ ತಾಳ್ಮೆ ರೌಲ್ಸನಿಗೆ ಇರಲಿಲ್ಲ. 1932ರ ವಿಚಾರಣೆಯಲ್ಲಿ ಅಪ್‌ಫೀಲ್ಡರು ಸಾಕ್ಷಿಯ ಕಟ್ಟೆಯನ್ನೇರಿ ತಮ್ಮ ಕಥಾವಸ್ತುವಿನ ಹುಟ್ಟನ್ನು ವಿವರಿಸಬೇಕಾಗಿ ಬಂದಿತು. ಅಷ್ಟರಲ್ಲಿ ಆ ಕಾದಂಬರಿ, ‘ದಿ ಸ್ಯಾಂಡ್ಸ್ ಆಫ್ ವಿಂಡೀ’, 1931ರಲ್ಲಿಯೇ ಅಚ್ಚಾಗಿತ್ತು. ರೌಲ್ಸನನ್ನು 1932ರ ಜೂನಿನಲ್ಲಿ ಫ್ರೀಮ್ಯಾಂಟಲಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ತನ್ನ ಲೇಖನಿಯಿಂದ ಹೊರಡುವ ಮೊದಲೇ ಕಲ್ಪನೆಯೊಂದು ಪರರ ಕೈ ಸೇರಿ ಕೊಲೆಯಾಗಿ ಪರಿಣಮಿಸುವುದನ್ನು ಕಂಡ ಲೇಖಕನ ಮನಸ್ಸು ಹೇಗಿದ್ದಿರಬೇಕು! 1934ರಲ್ಲಿ ಈ ಪ್ರಕರಣವನ್ನು ಕುರಿತು ಅವರು ಒಂದು ಪುಟ್ಟ ಪುಸ್ತಕವನ್ನೇ ಬರೆದರು.

ಅಪ್‌ಫೀಲ್ಡರು ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಗಾಸ್‌ಪೋರ್ಟ್ ಪಟ್ಟಣದ ಒಬ್ಬ ಬಟ್ಟೆ ವ್ಯಾಪಾರಿಯ ಮಗನಾಗಿ. ಪರೀಕ್ಷೆಗಳಲ್ಲಿ ತೇರ್ಗಡೆಯಾಗದ ಮಗನನ್ನು ತಂದೆ 1911ರಲ್ಲಿ ಆಸ್ಟ್ರೇಲಿಯಕ್ಕೆ ಕಳುಹಿಸಿದರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿ ಹೋಗಿಬಂದುದನ್ನು ಬಿಟ್ಟರೆ, ಯೌವನವೆಲ್ಲ ಒಳನಾಡಿನಲ್ಲಿ ದನ ಅಟ್ಟುವುದು, ಅಡಿಗೆ ಮಾಡುವುದು, ಮೊಲ ಹಿಡಿಯುವುದು, ಓಪಲ್ ಕಲ್ಲು ಅಗೆಯುವುದು, ಹೀಗೆ ಕಳೆಯಿತು. ವೀಲರ್ಸ್ ವೆಲ್ ಎಂಬ ಠಾಣೆಯಲ್ಲಿ ಅವರು ಅಡಿಗೆಯವರಾಗಿದ್ದಾಗ, ಪೊಲೀಸರಿಗೆ ಹೆಜ್ಜೆ ಪತ್ತೆಮಾಡಿ ಕೊಡುತ್ತಿದ್ದ, ಮೂಲನಿವಾಸಿ ತಾಯಿಗೂ ಬಿಳಿಯ ತಂದೆಗೂ ಹುಟ್ಟಿದ ಲಿಯಾನ್ ವುಡ್ ಎಂಬಾತನು ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳಲು ಬಂದನೆಂದೂ, ಅವನು ಬಿಟ್ಟುಹೋದವುಗಳಲ್ಲಿ ನೆಪೋಲಿಯನ್ನನ ಚರಿತ್ರೆಯೊಂದು ಇತ್ತೆಂದೂ ಅವರೇ ಹೇಳಿಕೊಂಡಿದ್ದಾರೆ. ಆಗ ಬರೆಯುತ್ತಿದ್ದ ಕಥೆಯ ಬಿಳಿಯ ಪತ್ತೇದಾರನನ್ನು ಕೈಬಿಟ್ಟು ಅವರು ಹೊಸಬನೊಬ್ಬನನ್ನು ಸೃಷ್ಟಿಸಿದರು. 1929ರ ‘ದಿ ಬರಾಕೀ ಮಿಸ್ಟರಿ’ಯಿಂದ ಮೊದಲ್ಗೊಂಡು ಇಪ್ಪತ್ತೊಂಬತ್ತು ಕಾದಂಬರಿಗಳಲ್ಲಿ ನಡೆದು ಬಂದ ಇನ್‌ಸ್ಪೆಕ್ಟರ್ ನೆಪೋಲಿಯನ್ ಬೋನಪಾರ್ಟ್, ಎಲ್ಲರ ಬಾಯಲ್ಲಿ ಬರಿಯ ‘ಬೋನಿ’, ಇವನೇ.

ಗಂಧದ ಮರದ ನೆರಳಿನಲ್ಲಿ ಸತ್ತ ತಾಯಿಯ ಮಗ್ಗುಲಲ್ಲಿ ಸಿಕ್ಕ ಶಿಶು, ಮಿಷನ್ನಿನಲ್ಲಿ ಬೆಳೆದವನು, ವಿಶ್ವವಿದ್ಯಾಲಯದ ಎಂ.ಎ. ಪದವೀಧರ, ನೀಲಿ ಕಣ್ಣುಗಳವನು, ತಾನು ಸುತ್ತುವ ಸಿಗರೇಟನ್ನು ಎಂದೂ ಓರಣವಾಗಿ ಸುತ್ತಲಾರದವನು. ಮೇಲಧಿಕಾರಿ ಬೇಗ ಹಿಂದಿರುಗೆಂದು ತಂತಿ ಕೊಟ್ಟರೆ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ತನ್ನ ಕೆಲಸದಲ್ಲಿಯೇ ಮಗ್ನನಾಗುವ, ಅದಕ್ಕಾಗಿ ಉದ್ಯೋಗ ಕಳೆದುಕೊಂಡು ಮತ್ತೆ ಪಡೆಯುವ ಬೋನಿಗೆ ಅವಸರವೆಂಬುದು ಅಪರಾಧಕ್ಕೆ ಸಮಾನ. ಕುದುರೆ ಪಳಗಿಸುವವನಾಗಿಯೋ ಬೇಲಿಯ ಕೂಲಿಯಾಗಿಯೋ ಊರಿಗೆ ಬಂದು ನೆಲಸಿ, ಗಾಳಿಯು ಎರಡು ತಿಂಗಳ ಹಿಂದೆ ಯಾವ ದಿಕ್ಕಿನಿಂದ ಬೀಸಿತು, ಮಳೆ ಎಂದು ಬಿತ್ತು, ಇರುವೆಗಳು ತಮ್ಮ ಗೂಡಿಗೆ ಏನನ್ನು ಹೊತ್ತವು, ಮನುಷ್ಯನ ನಡಿಗೆ ಮೈಲಿಯ ಕೊನೆಯಲ್ಲಿ ಯಾವ ಕಾಲಿಗೆ ವಾಲಿತು, ಇವುಗಳನ್ನು ವಿಚಾರಿಸುತ್ತ ಹೋಗುವುದು ಅವನ ಕ್ರಮ. ಲಂಡನ್ನಿನ ಪತ್ತೇದಾರರು ಕೋಣೆಯಲ್ಲಿ ಎಲ್ಲರನ್ನೂ ಕೂಡಿಸಿ ತರ್ಕಿಸುವಲ್ಲಿ ಬೋನಿ ಭೂಮಿಯನ್ನೇ ಸಾಕ್ಷಿಯಾಗಿ ಕರೆಯುತ್ತಾನೆ. ಇದೇ ಕಾರಣದಿಂದ ಪ್ರತಿಯೊಂದು ಕಾದಂಬರಿಯಲ್ಲಿಯೂ ನೆಲವು ಬೇರೆ: ಬ್ರೂಮಿನ ಮುತ್ತಿನ ಬಂದರು, ಬರಕಾಪಿನ್ನಿನ ಗೋಧಿಯ ಹೊಲ, ವೂಲ್ಫ್ ಕ್ರೀಕಿನ ಉಲ್ಕಾಕುಳಿ. ಅಮೆರಿಕದಲ್ಲಿ ನವಾಹೊ ಪೊಲೀಸರನ್ನು ಕುರಿತ ಕಾದಂಬರಿಗಳಿಂದ ಪ್ರಸಿದ್ಧರಾದ ಟೋನಿ ಹಿಲರ್‌ಮನ್ನರು ತಮಗೆ ದಾರಿ ತೋರಿಸಿದವರು ಅಪ್‌ಫೀಲ್ಡರೆಂದು ಮುಕ್ತಕಂಠದಿಂದ ಒಪ್ಪಿದ್ದಾರೆ.

ಈ ಪುಸ್ತಕಗಳನ್ನು ಇಂದು ಓದುವವನ ಮನಸ್ಸು ಅಲ್ಲಲ್ಲಿ ಮುದುಡುವುದೂ ನಿಜ. ಬೋನಿಯ ಬುದ್ಧಿಯನ್ನು ತಂದೆಯ ರಕ್ತಕ್ಕೂ ಅವನ ವಿಹ್ವಲತೆಯನ್ನು ತಾಯಿಯ ರಕ್ತಕ್ಕೂ ಹಂಚಿಕೊಡುವ ಆ ಕಾಲದ ವರ್ಣಭಾವನೆ ಪುಟಪುಟದಲ್ಲಿಯೂ ಇಣುಕುತ್ತದೆ. ಮೂಲನಿವಾಸಿಗಳನ್ನು ಕುರಿತ ಮಾತುಗಳಲ್ಲಿ ಗೌರವವೂ ತಾತ್ಸಾರವೂ ಒಂದೇ ವಾಕ್ಯದೊಳಗೆ ಬೆರೆತಿರುತ್ತವೆ. 1972ರಲ್ಲಿ ಈ ಕಥೆಗಳು ದೂರದರ್ಶನದ ಸರಣಿಯಾದಾಗಲೂ ಬೋನಿಯ ಪಾತ್ರ ದೊರೆತದ್ದು ನ್ಯೂಜಿಲೆಂಡಿನ ಬಿಳಿಯ ನಟನೊಬ್ಬನಿಗೆ. ಹಾಗಿದ್ದರೂ, ಮೂಲನಿವಾಸಿಯ ನೆತ್ತರುಳ್ಳವನನ್ನು ಕಥಾನಾಯಕನನ್ನಾಗಿ, ಎಲ್ಲರಿಗಿಂತ ಬುದ್ಧಿವಂತನನ್ನಾಗಿ, ಮೂವತ್ತೈದು ವರ್ಷ ಎದೆಗವಚಿ ನಡೆಸಿದ ಲೇಖಕನನ್ನು ಆ ದೋಷಗಳೊಡನೆಯೇ ಓದಬೇಕೆಂಬುದು ನನ್ನ ಅಭಿಪ್ರಾಯ.

1964ರಲ್ಲಿ ಬೌರಲ್ ಎಂಬ ಊರಿನಲ್ಲಿ ಅಪ್‌ಫೀಲ್ಡರು ತೀರಿಕೊಂಡಾಗ ‘ದಿ ಲೇಕ್ ಫ್ರೋಮ್ ಮಾನ್ಸ್‌ಟರ್’ ಅರ್ಧಕ್ಕೆ ನಿಂತಿತ್ತು. ಅದನ್ನು ಅವರ ಟಿಪ್ಪಣಿಗಳ ಆಧಾರದಿಂದ ಇತರರು ಪೂರೈಸಿ 1966ರಲ್ಲಿ ಪ್ರಕಟಿಸಿದರು. ಬೋನಿಯ ಆಯುಸ್ಸು ಅಲ್ಲಿಗೆ ಮುಗಿಯಿತು. ಆದರೆ ಈ ಇಪ್ಪತ್ತೊಂಬತ್ತು ಗ್ರಂಥಗಳ ಜೀವಾಳವಾದ ಹೆಜ್ಜೆಯ ವಿದ್ಯೆಯು ಯಾರದೋ, ಅವರಲ್ಲಿ ಬಹುಮಂದಿಯ ಹೆಸರು ಪೊಲೀಸರ ವರದಿಗಳಲ್ಲಿ ಸಹ ‘ಟ್ರ್ಯಾಕರ್’ ಎಂಬ ಉದ್ಯೋಗನಾಮದ ಹಿಂದೆ ಮುಚ್ಚಿಹೋಯಿತು. ಪುಸ್ತಕದ ಗಂಟನ್ನು ಹೊತ್ತು ಮರುಭೂಮಿಯಲ್ಲಿ ತಿರುಗುತ್ತಿದ್ದ, ಓದಿನ ರುಚಿ ಬಲ್ಲ ಲಿಯಾನನು ತನ್ನ ಪತ್ತೆಗಳನ್ನು ತಾನೇ ಬರೆದಿದ್ದ ಪಕ್ಷದಲ್ಲಿ, ಅದನ್ನು ನಾನು ಬೋನಿಯ ಎಲ್ಲ ಕಥೆಗಳಿಗಿಂತ ಮೊದಲು ಓದುತ್ತಿದ್ದೆ.