ಕಿಳಿಮಾನೂರು: ರವಿವರ್ಮನನ್ನು ಬೆಳೆಸಿದ ಮನೆ

ತಿರುವನಂತಪುರದಿಂದ ಎಂ.ಸಿ. ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಸುಮಾರು 36 ಕಿ.ಮೀ. ದೂರದಲ್ಲಿ ಕಿಳಿಮಾನೂರು. ಅರಮನೆ ಎಂದ ಕೂಡಲೇ ಮೈಸೂರನ್ನು ನೆನೆಸಿಕೊಳ್ಳುವವರಿಗೆ ಇಲ್ಲಿ ತುಸು ನಿರಾಸೆಯಾದೀತು. ಹಂಚಿನ ಮಾಡು, ಮರದ ಕೆಲಸ, ವಿಶಾಲ ಅಂಗಳ. ದೊಡ್ಡದೊಂದು ತರವಾಡು ಮನೆ, ಅಷ್ಟೆ. ನಮ್ಮ ದೇವರ ಕೋಣೆಗಳ ಲಕ್ಷ್ಮಿ, ಸರಸ್ವತಿಯರಿಗೆ ಮುಖ ಕೊಟ್ಟ ರಾಜಾ ರವಿವರ್ಮ 1848ರಲ್ಲಿ ಹುಟ್ಟಿದ್ದು ಈ ಮನೆತನದಲ್ಲಿ.

ತಿರುವಾಂಕೂರಿನ ಅರಸ ಮಾರ್ತಾಂಡವರ್ಮ 1753ರಲ್ಲಿ ಈ ಮನೆತನಕ್ಕೆ ಕಂದಾಯವಿಲ್ಲದ ಭೂಮಿ ಬಿಟ್ಟುಕೊಟ್ಟಿದ್ದ. ಹೊಟ್ಟೆಪಾಡಿನ ಚಿಂತೆ ಇಲ್ಲದ ಕಡೆ ವಿದ್ಯೆ ಬೆಳೆಯಿತು. ರವಿವರ್ಮನ ತಾಯಿ ಉಮಯಾಂಬಾ ತಂಪುರಾಟ್ಟಿ 'ಪಾರ್ವತೀ ಸ್ವಯಂವರಂ' ಬರೆದ ಕವಯಿತ್ರಿ. ತಂದೆ ಸಂಸ್ಕೃತ ವಿದ್ವಾಂಸ. ನಮ್ಮ ಕರಾವಳಿಯ ಅಳಿಯಕಟ್ಟಿನಂತೆ ಇಲ್ಲಿಯೂ ಸೋದರಮಾವನದೇ ಯಜಮಾನಿಕೆ. ಆ ಮಾವ ರಾಜರಾಜವರ್ಮ ತಂಜಾವೂರು ಶೈಲಿಯ ಚಿತ್ರಗಾರ. ಹುಡುಗನ ಕೈ ಗುರುತಿಸಿ ಮೊದಲ ಪಾಠ ಹೇಳಿ, ಹದಿನಾಲ್ಕರ ಹರೆಯದಲ್ಲಿ ತಿರುವನಂತಪುರದ ಆಸ್ಥಾನಕ್ಕೆ ಕರೆದೊಯ್ದವನೂ ಅವನೇ.

ಆಸ್ಥಾನದಲ್ಲಿ ಕಥೆ ಬೇರೆ. ತೈಲವರ್ಣದ ಗುಟ್ಟು ಬಲ್ಲ ರಾಮಸ್ವಾಮಿ ನಾಯ್ಡು ಅದನ್ನು ಹೇಳಿಕೊಡಲಿಲ್ಲ. 1868ರಲ್ಲಿ ಬಂದ ಯುರೋಪಿಯನ್ ಚಿತ್ರಗಾರ ಥಿಯೋಡೋರ್ ಜೆನ್ಸನ್ ಕೂಡ ಕಲಿಸಲೊಪ್ಪದೆ, ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ. ನೋಡಿ ನೋಡಿಯೇ ಕಲಿತ ರವಿವರ್ಮ, 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸೇವೆ ಮಾಡಿದ. ಮರಳುವ ದಾರಿಯಲ್ಲಿ, ಕೋಯಿಕ್ಕೋಡಿನಲ್ಲಿ, ಕೃಷ್ಣ ಮೆನನ್ ಎಂಬ ನ್ಯಾಯಾಧೀಶರ ಕುಟುಂಬದ ಭಾವಚಿತ್ರ ಬರೆದ. ಹಣ ಪಡೆದು ಬರೆದ ಮೊದಲ ಚಿತ್ರ ಅದೇ.

ಬರೋಡಾ, ಮೈಸೂರು ಎಂದು ಊರೂರು ಅಲೆದರೂ ಆತ ಒಂಟಿ ಪ್ರತಿಭೆಯಾಗಿರಲಿಲ್ಲ. ತಮ್ಮ ಸಿ. ರಾಜರಾಜವರ್ಮ ಜೊತೆಗೇ ತಿರುಗಿದ, ಲೆಕ್ಕಪತ್ರ ನೋಡಿದ, ದಿನಚರಿ ಬರೆದ. ಅಣ್ಣನ ಎಷ್ಟೋ ಚಿತ್ರಗಳ ಹಿನ್ನೆಲೆ ಅವನ ಕೈಯದು. ತಂಗಿ ಮಂಗಳಾ ಬಾಯಿಯೂ ಕುಂಚ ಹಿಡಿದವಳೇ. ಅಣ್ಣನ ಭಾವಚಿತ್ರವನ್ನೂ ಬರೆದಿದ್ದಾಳೆ. ಅವಳು ಗಂಡಾಗಿದ್ದರೆ ಅವಳ ಹೆಸರೂ ಕೇಳಿಬರುತ್ತಿತ್ತು ಎಂಬುದರಲ್ಲಿ ನನಗಂತೂ ಅನುಮಾನವಿಲ್ಲ. ಮೈಸೂರು ಅರಮನೆಗಾಗಿ ಒಂಬತ್ತು ಪೌರಾಣಿಕ ಚಿತ್ರಗಳ ಕೆಲಸ ನಡೆದಿದ್ದಾಗಲೇ, 1905ರಲ್ಲಿ ತಮ್ಮ ತೀರಿಕೊಂಡ. ಮರುವರ್ಷ ಅಕ್ಟೋಬರ್ 2ರಂದು ಅಣ್ಣನೂ ಹೋದ.

ಚಿತ್ರ ಬರೆದುಕೊಡಿ ಎಂದು ರವಿವರ್ಮನಿಗೆ ಬರುತ್ತಿದ್ದ ಕಾಗದಗಳ ರಾಶಿಗಾಗಿಯೇ ಕಿಳಿಮಾನೂರಿಗೆ ಅಂಚೆ ಕಚೇರಿ ಬಂತು ಎಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆತನ ಚಿತ್ರಶಾಲೆ ಅರಮನೆಯ ಆವರಣದಲ್ಲಿ ಇಂದಿಗೂ ಇದೆ.

ಅರಮನೆ ಮನೆತನದ ಸ್ವತ್ತು. ಒಳಗೆ ಕಾಲಿಡುವ ಮುನ್ನ ಕೇಳಿಕೊಂಡು ಹೋಗಿ. ಹತ್ತಿರದ ರೈಲು ನಿಲ್ದಾಣ ವರ್ಕಲ. ಹೆಸರಾಂತ ಮೂಲಚಿತ್ರಗಳನ್ನೇ ನೋಡಬೇಕೆಂದಿದ್ದರೆ ತಿರುವನಂತಪುರದ ಚಿತ್ರಾಲಯಕ್ಕೋ ವಡೋದರಾಕ್ಕೋ ಹೋಗಬೇಕು. ಅಷ್ಟು ದೂರ ಬೇಡವೆಂದರೆ ನಮ್ಮ ಮೈಸೂರಿನ ಜಗನ್ಮೋಹನ ಅರಮನೆ ಇದ್ದೇ ಇದೆ.