ಬೆಲೆಪಟ್ಟಿ ಕಂಪ್ಯೂಟರಿಗೆ ಏರಿಸುವ ಮುನ್ನ

ಬೇಸಾಯದ ಜೊತೆಗೆ ಬೀಜ, ಗೊಬ್ಬರ, ಔಷಧಿಗಳ ಸಣ್ಣ ಅಂಗಡಿ ಇಟ್ಟಿರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಉಂಟು. ಅಂಥ ಅಂಗಡಿಗಳಲ್ಲಿ ಈಗ ಕಂಪ್ಯೂಟರೂ ಬಂದು ಕೂತಿದೆ. ಸಗಟು ವ್ಯಾಪಾರಿ ಕಳಿಸಿದ ಬೆಲೆಪಟ್ಟಿಯನ್ನು ಅದಕ್ಕೆ ಏರಿಸಿದರೆ ಸಾಕು, ನೂರಾರು ಬೆಲೆಗಳು ಒಂದೇ ಗಳಿಗೆಯಲ್ಲಿ ಬದಲಾಗುತ್ತವೆ. ಅನುಕೂಲವೇನೋ ಹೌದು. ಆದರೆ ಪಟ್ಟಿಯಲ್ಲಿ ತಪ್ಪಿದ್ದರೆ ಅದೂ ಅಷ್ಟೇ ಬೇಗ ನೂರಾರು ಕಡೆ ಹರಡುತ್ತದೆ. ಬಿತ್ತಿದಂತೆ ಬೆಳೆ ಅಲ್ಲವೇ?

ಮೊದಲು ಕಡತದ ಮಾತು. ಫೋಟೋ ತೆಗೆದು ಕಳಿಸಿದ ಪಟ್ಟಿ ಕಣ್ಣಿಗೆ ಸರಿ, ಕಂಪ್ಯೂಟರಿಗೆ ಸಾಲದು. ಎಕ್ಸೆಲ್ ಇಲ್ಲವೆ ಸಿ.ಎಸ್.ವಿ. ಕಡತವನ್ನೇ ಕೇಳಿ ಪಡೆಯಿರಿ. ಸಿ.ಎಸ್.ವಿ. ಕಡತದಲ್ಲಿ ಒಂದು ಕಾಲಮ್ಮಿಗೂ ಇನ್ನೊಂದಕ್ಕೂ ನಡುವಿನ ಬದು ಅಂದ್ರೆ ಅಲ್ಪವಿರಾಮ. ಹಾಗಾಗಿ ಬೆಲೆಯನ್ನು ಬರಿದೇ 1,350 ಎಂದು ಬರೆದಿದ್ದರೆ ಅದು ಒಡೆದು 1 ಬೇರೆ, 350 ಬೇರೆ ಆದೀತು. 1350 ಎಂದೇ ಇರಲಿ.

ಎರಡನೆಯದು ಸರಕಿನ ಗುರುತು. "ಯೂರಿಯ", "ಯೂರಿಯಾ" ನಮಗೆ ಒಂದೇ, ಕಂಪ್ಯೂಟರಿಗೆ ಎರಡು. ಆದ್ದರಿಂದ ಹೆಸರಿನಿಂದಲ್ಲ, ಸಂಕೇತ ಸಂಖ್ಯೆಯಿಂದ ಜೋಡಿಸಿ. ಎಕ್ಸೆಲ್‌ನಲ್ಲಿ ತೆರೆದಾಗ 0045 ಎಂಬ ಸಂಕೇತ ಬರೀ 45 ಆಗಿಬಿಡುವುದುಂಟು. ಆ ಕಾಲಮ್ಮನ್ನು ಅಂಕಿಯೆಂದಲ್ಲ, ಅಕ್ಷರವೆಂದು ಮೊದಲೇ ಗೊತ್ತುಮಾಡಿ.

ಮೂರನೆಯದು ಅಳತೆ. ಹಿಂದೆ 50 ಕಿಲೋ ಇದ್ದ ಯೂರಿಯಾ ಚೀಲ 2018ರಲ್ಲಿ 45 ಕಿಲೋ ಆಯಿತು. ಹಳೆಯ ಅಳತೆ ಉಳಿಸಿಕೊಂಡವರ ಲೆಕ್ಕ ಏನಾದೀತು, ನೀವೇ ಹೇಳಿ! ಔಷಧಿಯ ಪಟ್ಟಿಯಲ್ಲಿ 4000 ರೂಪಾಯಿ ಎಂದಿದೆ ಅನ್ನಿ. ಅದು 10 ಸೀಸೆಯ ಪೆಟ್ಟಿಗೆಯ ಬೆಲೆಯಾದರೆ ಸೀಸೆಗೆ 400 ಮಾತ್ರ. ಕಂಪ್ಯೂಟರು ತಾನಾಗಿ ಇದನ್ನು ಕೇಳುವುದಿಲ್ಲ.

ನಾಲ್ಕನೆಯದು ತೆರಿಗೆ, ಲಾಭ. ಆ 400ರಲ್ಲಿ ಜಿ.ಎಸ್.ಟಿ. ಸೇರಿದೆಯೋ ಇಲ್ಲವೋ ವಿಚಾರಿಸಿ. ನೂರಕ್ಕೆ 18ರ ತೆರಿಗೆ ಬೇರೆ ಇದ್ದರೆ 472 ಆಗುತ್ತದೆ. ಇನ್ನು ನೂರಕ್ಕೆ 20ರ ಲಾಭ ಅಂದರೇನು? ಕೊಂಡ ಬೆಲೆಯ ಮೇಲಾದರೆ 400ಕ್ಕೆ 480. ಮಾರುವ ಬೆಲೆಯಲ್ಲಿ 20 ಎಂದರೆ 500. ನಿಮ್ಮ ಕಂಪ್ಯೂಟರು ಯಾವ ಲೆಕ್ಕ ಹಿಡಿದಿದೆ, ನೋಡಿಕೊಳ್ಳಿ. ಏನೇ ಆದರೂ ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆ ಮೀರುವಂತಿಲ್ಲ. ಯೂರಿಯಾದ ಗರಿಷ್ಠ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುವುದರಿಂದ ಅದಕ್ಕೆ ಈ ಲಾಭದ ಲೆಕ್ಕ ಹಚ್ಚಲೇಬೇಡಿ.

ಏರಿಸುವ ಕ್ರಮ ಹೀಗೆ: ಹಳೆಯ ಬೆಲೆಗಳ ಒಂದು ಪ್ರತಿ ತೆಗೆದಿಡಿ. ಮೊದಲು ಐದೇ ಐದು ಸರಕು ಏರಿಸಿ, ಪೊಟ್ಟಣ ಕೈಯಲ್ಲಿ ಹಿಡಿದು ಬೆಲೆ ತಾಳೆ ನೋಡಿ. ಸರಿಯಿದ್ದರೆ ಉಳಿದದ್ದು. ಆಮೇಲೆ ಹಳೆಯದಕ್ಕೂ ಹೊಸದಕ್ಕೂ ಬಹಳ ಅಂತರ ಬಂದಿರುವ ಸರಕುಗಳನ್ನು ಆರಿಸಿ ಒಂದೊಂದಾಗಿ ಪರೀಕ್ಷಿಸಿ. ಒಬ್ಬರು ಓದಿ, ಇನ್ನೊಬ್ಬರು ನೋಡಿದರೆ ಅರ್ಧ ಗಂಟೆಯ ಕೆಲಸ.

ಹಳ್ಳಿಯ ವ್ಯಾಪಾರದಲ್ಲಿ ಉದ್ರಿಯೇ ಹೆಚ್ಚು. ಬಿತ್ತನೆಯ ದಿನ ಬಿಲ್ಲಿನಲ್ಲಿ ನುಸುಳಿದ ತಪ್ಪು ಸುಗ್ಗಿಯಲ್ಲಿ ಲೆಕ್ಕ ತೀರಿಸುವಾಗ ಹೊರಬೀಳುತ್ತದೆ. ಬೆಲೆ ಕಡಿಮೆ ಬಿದ್ದಿದ್ದರೆ ನಿಮ್ಮ ಗಂಟು ಹೋಯಿತು. ಹೆಚ್ಚು ಬಿದ್ದಿದ್ದರೆ ನೆರೆಯವನ ಗಂಟು ಹೋಯಿತು, ಜೊತೆಗೆ ನಿಮ್ಮ ಮೇಲಿನ ನಂಬಿಕೆಯೂ ಹೋಯಿತು. ದುಡ್ಡು ಹಿಂದಿರುಗಿಸಬಹುದು, ನಂಬಿಕೆ ಹಾಗಲ್ಲ. ಅದಕ್ಕೇ ಅರ್ಧ ಗಂಟೆ ಮೊದಲೇ ಕೊಡಿ ಅನ್ನೋದು.