ಹಳೆಯ ಆಟಕ್ಕೆ ಯಾವ ರಾಗ?

ಟಿ.ವಿ.ಯ ಧ್ವನಿಯನ್ನು ಪೂರ್ತಿ ಇಳಿಸಿ, ಯಾವುದಾದರೂ ಸಿನಿಮಾದ ಹೊಡೆದಾಟದ ದೃಶ್ಯವನ್ನು ಒಂದು ನಿಮಿಷ ನೋಡಿ. ನಾಯಕ ಕೈ ಬೀಸುತ್ತಾನೆ, ಖಳ ಉರುಳುತ್ತಾನೆ. ಆದರೆ ನೋಡುವವರ ಎದೆ ಡವಗುಟ್ಟುವುದಿಲ್ಲ, ಬದಲಿಗೆ ನಗು ಬರುತ್ತದೆ. ಈಗ ಧ್ವನಿ ಏರಿಸಿ ಕಣ್ಣು ಮುಚ್ಚಿಕೊಳ್ಳಿ. ಚಿತ್ರ ಕಾಣದಿದ್ದರೂ ಅಲ್ಲಿ ಏನು ನಡೆಯುತ್ತಿದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಕಾಸು ಖರ್ಚಿಲ್ಲದ ಈ ಪ್ರಯೋಗದಿಂದ ಗೊತ್ತಾಗುವುದಿಷ್ಟು: ಕಣ್ಣು ಘಟನೆಯನ್ನು ತಿಳಿಸಿದರೆ ಕಿವಿ ಅದರ ಭಾವವನ್ನು ತಿಳಿಸುತ್ತದೆ.

ಹಳೆಯ ಕಂಪ್ಯೂಟರ್ ಆಟಗಳ ನೆನಪಿಗಾಗಿ ಪುಟ್ಟ ವಿಡಿಯೊಗಳನ್ನು ತಯಾರಿಸುವುದು ಈಗ ಅನೇಕ ವಿದ್ಯಾರ್ಥಿಗಳ ಹವ್ಯಾಸ. ಅದರಲ್ಲೂ ಗುರಿಯಿಟ್ಟು ಗುಂಡು ಹಾರಿಸುವ ‘ಶೂಟರ್’ ಆಟಗಳೆಂದರೆ ಹುಡುಗರಿಗೆ ಹೆಚ್ಚು ಪ್ರೀತಿ. ದೃಶ್ಯಗಳನ್ನು ಆಯ್ದು ಜೋಡಿಸಲು ರಾತ್ರಿಯೆಲ್ಲ ಕೂರುವ ಹುಡುಗರು ಸಂಗೀತದ ಆಯ್ಕೆಗೆ ಮಾತ್ರ ಐದು ನಿಮಿಷವನ್ನೂ ಕೊಡುವುದಿಲ್ಲ. ತಮಗೆ ಇಷ್ಟವಾದ, ಅಬ್ಬರದ ಹಾಡೊಂದನ್ನು ತಂದು ಮೇಲೆ ಹೊದಿಸಿಬಿಡುತ್ತಾರೆ. ಇದರ ಫಲ ಎರಡು ಬಗೆ. ಒಂದೋ, ಹಾಡಿನ ಅಬ್ಬರದಲ್ಲಿ ಆಟವೇ ಮುಳುಗಿಹೋಗುತ್ತದೆ. ಇಲ್ಲವೇ, ಹಾಡಿನ ಒಡೆಯರು ಆಕ್ಷೇಪಿಸಿ ವಾರಗಟ್ಟಲೆ ಪಟ್ಟ ಶ್ರಮ ಮೂಕಚಿತ್ರವಾಗಿ ಉಳಿಯುತ್ತದೆ.

ಎರಡನ್ನೂ ತಪ್ಪಿಸಬಹುದು. ಅದಕ್ಕೆ ಬೇಕಾದದ್ದು ಆ ಆಟ ಮೂಲದಲ್ಲಿ ಹೇಗೆ ಕೇಳಿಸುತ್ತಿತ್ತು ಎಂಬ ತಿಳಿವಳಿಕೆ, ಒಂದಿಷ್ಟು ಭಾಗಾಕಾರ ಮತ್ತು ತುಸು ಕಾನೂನಿನ ಅರಿವು.

ನಾಲ್ಕು ಸ್ವರಗಳ ಎದೆಬಡಿತ

ಶೂಟರ್ ಆಟಗಳ ಹಿರಿಯಣ್ಣನೆಂದರೆ ‘ಸ್ಪೇಸ್ ಇನ್ವೇಡರ್ಸ್’. ಜಪಾನಿನ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾದೊ ರೂಪಿಸಿದ ಈ ಆಟ 1978ರಲ್ಲಿ ಬಂತು. ಪರದೆಯ ಮೇಲ್ಭಾಗದಲ್ಲಿ ಸಾಲಿಗೆ 11ರಂತೆ 5 ಸಾಲುಗಳಲ್ಲಿ ಒಟ್ಟು 55 ಅನ್ಯಗ್ರಹ ಜೀವಿಗಳು. ಅವು ಹೆಜ್ಜೆ ಹೆಜ್ಜೆಯಾಗಿ ಕೆಳಗಿಳಿಯುತ್ತವೆ. ಆಟಗಾರ ಕೆಳಗಿನಿಂದ ಹೊಡೆದುರುಳಿಸಬೇಕು.

ಇಡೀ ಆಟಕ್ಕೆ ಇದ್ದ ಹಿನ್ನೆಲೆ ಸಂಗೀತ ನಾಲ್ಕೇ ನಾಲ್ಕು ಮಂದ್ರ ಸ್ವರಗಳು. ಅವೇ ಸ್ವರಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತ ಮತ್ತೆ ಮತ್ತೆ ಮರಳುತ್ತಿದ್ದವು. ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಈ ಸ್ವರಗಳ ವೇಗ ಹೆಚ್ಚುತ್ತಿತ್ತು. ಶತ್ರುಗಳ ನಡಿಗೆ ಚುರುಕಾಗುವುದಕ್ಕೂ ಒಂದು ಸರಳ ಕಾರಣವಿತ್ತು. ಆ ಕಾಲದ ಪ್ರೊಸೆಸರ್ 55 ಆಕೃತಿಗಳನ್ನು ಒಟ್ಟಿಗೇ ಕದಲಿಸಲಾರದೆ ಒಂದೊಂದನ್ನಾಗಿ ಸರಿಸುತ್ತಿತ್ತು. ಹತ್ತು ಮಾತ್ರ ಉಳಿದಾಗ ಅದರ ಸರದಿ ಬೇಗ ಮುಗಿಯುತ್ತಿತ್ತು. ಯಂತ್ರದ ಮಿತಿಯೇ ಆಟದ ರೋಚಕತೆಯಾಯಿತು. ಕೊನೆಯ ಶತ್ರು ಉಳಿಯುವ ಹೊತ್ತಿಗೆ ಆ ನಾಲ್ಕು ಸ್ವರಗಳು ಆಟಗಾರನ ಎದೆಬಡಿತದಂತೆ ಓಡುತ್ತಿದ್ದವು.

ಇಂಥ ಆಟದ ನೆನಪಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ವೇಗದಲ್ಲಿ ಅಬ್ಬರಿಸುವ ಹಾಡು ಒಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ನಿಧಾನವಾಗಿ ಹೊರಟು ಕ್ರಮೇಣ ಚುರುಕಾಗುವ ಲಯ. ಯಕ್ಷಗಾನ ನೋಡಿದವರಿಗೆ ಇದು ಹೊಸತಲ್ಲ. ಯುದ್ಧದ ಪ್ರಸಂಗಕ್ಕೆಂದು ಕಾದಿಟ್ಟ ಚೆಂಡೆಯ ಅಬ್ಬರವನ್ನು ರಾತ್ರಿಯಿಡೀ ಬಾರಿಸಿದರೆ, ಯುದ್ಧ ಬಂದಾಗ ಬಾರಿಸಲು ಉಳಿಯುವುದೇನು?

ಒಂದೇ ರಾಗ, ಬೇರೆ ಬೇರೆ ನಾದ

ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿ 1993ರ ಡಿಸೆಂಬರ್‌ನಲ್ಲಿ ‘ಡೂಮ್’ ಆಟವನ್ನು ಬಿಡುಗಡೆ ಮಾಡಿತು. ಆಟಗಾರ ತನ್ನದೇ ಕಣ್ಣಿನಿಂದ ಓಣಿಗಳನ್ನು ನೋಡುತ್ತ ಓಡುವ ಬಗೆಯ ಆಟಗಳು ಮನೆಮಾತಾದದ್ದು ಇದರಿಂದ. ಸಂಗೀತ ಬಾಬಿ ಪ್ರಿನ್ಸ್ ಅವರದು, ವೃತ್ತಿಯಿಂದ ವಕೀಲರಾಗಿದ್ದವರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಡೂಮ್‌ನ ಕಡತಗಳಲ್ಲಿ ಇದ್ದದ್ದು ಧ್ವನಿಮುದ್ರಿಕೆಯಲ್ಲ, ಸ್ವರಲಿಪಿ. ಯಾವ ವಾದ್ಯ, ಯಾವ ಸ್ವರ, ಎಷ್ಟು ಹೊತ್ತು ಎಂಬ ಸೂಚನೆಗಳಷ್ಟೇ ಅಲ್ಲಿದ್ದವು. ಅದನ್ನು ನುಡಿಸುವ ಕೆಲಸ ಆಯಾ ಕಂಪ್ಯೂಟರಿನ ಸೌಂಡ್ ಕಾರ್ಡಿನದು. ಒಂದೇ ಕೃತಿಯನ್ನು ಇಬ್ಬರು ವಿದ್ವಾಂಸರು ಹಾಡಿದರೆ ಬೇರೆ ಬೇರೆಯಾಗಿ ಕೇಳಿಸುವಂತೆ, ಡೂಮ್‌ನ ಸಂಗೀತವೂ ಮನೆಯಿಂದ ಮನೆಗೆ ಬೇರೆಯಾಗಿತ್ತು.

ಸೌಂಡ್ ಬ್ಲಾಸ್ಟರ್ ಕಾರ್ಡುಗಳಲ್ಲಿ ಇರುತ್ತಿದ್ದ ಯಮಾಹ ಚಿಪ್ಪು ‘ಎಫ್.ಎಂ. ಸಂಶ್ಲೇಷಣೆ’ ಎಂಬ ವಿಧಾನದಿಂದ ನಾದ ಹುಟ್ಟಿಸುತ್ತಿತ್ತು. ಇದನ್ನು 1967ರಲ್ಲಿ ಕಂಡುಹಿಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಚೌನಿಂಗ್. ತತ್ತ್ವ ಕಷ್ಟದ್ದಲ್ಲ. ವೀಣೆಯ ತಂತಿಯನ್ನು ಬೆರಳಿನಿಂದ ಮೆಲ್ಲನೆ ಅಲುಗಿಸಿದರೆ ಸ್ವರ ಕಂಪಿಸುತ್ತದೆ, ಗಮಕ ಕೇಳಿಸುತ್ತದೆ. ಇದೇ ಅಲುಗಾಟ ಸೆಕೆಂಡಿಗೆ ನೂರಾರು ಬಾರಿ ನಡೆದರೆ? ಆಗ ಕಿವಿ ಅದನ್ನು ಕಂಪನವೆಂದು ಗುರುತಿಸಲಾರದು. ಬೇರೆಯೇ ವಾದ್ಯವೊಂದು ನುಡಿದಂತೆ ಕೇಳಿಸುತ್ತದೆ. ಯಮಾಹ ಚಿಪ್ಪಿನ ಕೊಂಚ ಕರ್ಕಶವಾದ, ತಗಡಿನಂಥ ನಾದದ ಗುಟ್ಟು ಇದು. ರೋಲಂಡ್ ಕಂಪನಿಯ ದುಬಾರಿ ‘ಸೌಂಡ್ ಕ್ಯಾನ್ವಾಸ್’ ಉಪಕರಣ ಇದ್ದವರಿಗೋ ಅದೇ ರಾಗ ನಿಜವಾದ ಗಿಟಾರು, ಡ್ರಮ್ಮುಗಳ ಹತ್ತಿರಕ್ಕೆ ಬಂದು ಕೇಳಿಸುತ್ತಿತ್ತು.

ಹಾಗಾದರೆ ನೆನಪಿನ ವಿಡಿಯೊಗೆ ಯಾವುದು ಸರಿ? ಚೆನ್ನಾಗಿ ಕೇಳಿಸುವುದೇ ಸರಿ ಎನ್ನಲಾಗದು. ನೋಡುಗರ ಕಿವಿಯಲ್ಲಿ ಉಳಿದಿರುವುದು ತಗಡಿನ ನಾದವಾದರೆ, ಇಂದಿನ ಸ್ಟುಡಿಯೊದಲ್ಲಿ ನುಡಿಸಿದ ಸೊಗಸಾದ ಆವೃತ್ತಿ ಅವರಿಗೆ ಪರಕೀಯವಾಗಿ ತೋರುತ್ತದೆ. ಮನೆಯ ಹಳೆಯ ಗಡಿಯಾರದ ಗಂಟೆಯ ಬದಲು ದೇವಸ್ಥಾನದ ಗಂಟೆ ಕೇಳಿಸಿದ ಹಾಗೆ!

ಇದೇ ಕಂಪನಿಯ ‘ಕ್ವೇಕ್’ ಆಟ 1996ರಲ್ಲಿ ಬಂದಾಗ ಕಾಲ ಬದಲಾಗಿತ್ತು. ಅದರ ಸಂಗೀತ ಆಟದ ಸಿ.ಡಿ.ಯಲ್ಲೇ ಧ್ವನಿಮುದ್ರಿಕೆಯಾಗಿ ಇತ್ತು. ರಚಿಸಿದವರು ‘ನೈನ್ ಇಂಚ್ ನೇಲ್ಸ್’ ತಂಡದ ಟ್ರೆಂಟ್ ರೆಜ್ನರ್. ಮುಂದೆ 2011ರಲ್ಲಿ ಚಲನಚಿತ್ರ ಸಂಗೀತಕ್ಕಾಗಿ ಆಸ್ಕರ್ ಪ್ರಶಸ್ತಿಯನ್ನು ಹಂಚಿಕೊಂಡವರು. ಕ್ವೇಕ್‌ನಲ್ಲಿ ಗುನುಗುವಂಥ ರಾಗವೇ ಕಡಿಮೆ. ಗಾಳಿಯ ಸುಯ್ಯುವಿಕೆ, ದೂರದ ಗುಡುಗುಡು, ಲೋಹದ ಕಿರುಗುಟ್ಟುವಿಕೆ, ಇಷ್ಟೇ. ಡೂಮ್‌ನ ಓಟಕ್ಕೆ ಹೊಂದುವ ಸಂಗೀತ ಕ್ವೇಕ್‌ನ ಭಯಕ್ಕೆ ಹೊಂದುವುದಿಲ್ಲ.

ಸಂಗೀತವೇ ಇಲ್ಲದ ಆಟ

ಬೆಂಗಳೂರು, ಮೈಸೂರಿನಂಥ ಊರುಗಳ ಸೈಬರ್ ಕೆಫೆಗಳಲ್ಲಿ 2000ದ ದಶಕದಲ್ಲಿ ಹದಿಹರೆಯ ಕಳೆದವರಿಗೆ ‘ಕೌಂಟರ್ ಸ್ಟ್ರೈಕ್’ ಚಿರಪರಿಚಿತ. ಗಂಟೆಗಿಷ್ಟು ಎಂದು ಹಣ ಕೊಟ್ಟು, ಪಕ್ಕದ ಕುರ್ಚಿಯ ಗೆಳೆಯನನ್ನೇ ಬೇಟೆಯಾಡುತ್ತಿದ್ದ ಆಟವದು. 2000ನೇ ಇಸವಿಯಲ್ಲಿ ಅಂಗಡಿಗಳಿಗೆ ಬಂದ ಈ ಆಟದಲ್ಲಿ ಕಾದಾಟದ ವೇಳೆ ಹಿನ್ನೆಲೆ ಸಂಗೀತವೇ ಇರಲಿಲ್ಲ. ಗೋಡೆಯಾಚೆಯ ಹೆಜ್ಜೆ ಸಪ್ಪಳ, ಬಂದೂಕಿಗೆ ಗುಂಡು ತುಂಬುವ ಸದ್ದು, ಇವುಗಳಿಂದಲೇ ಎದುರಾಳಿ ಎಲ್ಲಿದ್ದಾನೆಂದು ಊಹಿಸಬೇಕಿತ್ತು. ಸಂಗೀತವಿದ್ದರೆ ಆ ಸುಳಿವುಗಳು ಮುಚ್ಚಿಹೋಗುತ್ತಿದ್ದವು.

ಇಂಥ ಆಟಕ್ಕೆ ಮೂರು ನಿಮಿಷದ ವಿಡಿಯೊ ಮಾಡುವವರು ಸಂಗೀತವನ್ನು ಹಾಕಲೇಬಾರದೆಂದಿಲ್ಲ. ಆದರೆ ನಡುವೆ ಹತ್ತು ಸೆಕೆಂಡು ಅದನ್ನು ಪೂರ್ತಿ ನಿಲ್ಲಿಸಿ, ಬರಿಯ ಹೆಜ್ಜೆ ಸಪ್ಪಳ ಕೇಳಿಸಲಿ. ಹಳೆಯ ಆಟಗಾರ ತಾನಾಗಿ ಉಸಿರು ಬಿಗಿಹಿಡಿಯುತ್ತಾನೆ. ಉಳಿದೆಡೆ ಆಟದ ಸದ್ದು ಬಂದಾಗಲೆಲ್ಲ ಸಂಗೀತವನ್ನು ಸುಮಾರು 10 ಡೆಸಿಬಲ್ ಇಳಿಸಿದರೆ ಅದು ಕಿವಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿದಂತೆ ಕೇಳಿಸುತ್ತದೆ. ಎರಡೂ ಒಂದನ್ನೊಂದು ನುಂಗುವುದಿಲ್ಲ.

ಭಾಗಾಕಾರದ ಲಯ

ದೃಶ್ಯ ಬದಲಾಗುವ ಕ್ಷಣ ಮತ್ತು ತಾಳದ ಬಡಿತ ಒಂದೇ ಆದಾಗ ವಿಡಿಯೊಗೆ ಜೀವ ಬರುತ್ತದೆ. ಇಲ್ಲಿ ಏಳನೇ ತರಗತಿಯ ಗಣಿತ ಸಾಕು. ಸೆಕೆಂಡಿಗೆ 30 ಫ್ರೇಮುಗಳ ವಿಡಿಯೊದಲ್ಲಿ ನಿಮಿಷಕ್ಕೆ 1800 ಫ್ರೇಮುಗಳು. ಸಂಗೀತ ನಿಮಿಷಕ್ಕೆ 120 ಬಡಿತಗಳದ್ದಾದರೆ, ಬಡಿತವೊಂದಕ್ಕೆ 15 ಫ್ರೇಮು. 100 ಬಡಿತವಾದರೆ 18, 150 ಆದರೆ 12. ಎಲ್ಲವೂ ಪೂರ್ಣಾಂಕ; ಕತ್ತರಿಸುವುದು ಸುಲಭ.

140 ಬಡಿತದ ಸಂಗೀತವನ್ನು ಆರಿಸಿದರೆ? 1800ನ್ನು 140ರಿಂದ ಭಾಗಿಸಿದಾಗ ಬರುವುದು 12.86. ‘ಹದಿಮೂರೇ ಇರಲಿ’ ಎಂದು ಪ್ರತಿ 13 ಫ್ರೇಮಿಗೆ ಕತ್ತರಿಸುತ್ತ ಹೋದರೆ ಏಳನೇ ಬಡಿತಕ್ಕೆ ಚಿತ್ರ ಒಂದು ಫ್ರೇಮು ಹಿಂದೆ ಬೀಳುತ್ತದೆ. ಒಂದು ನಿಮಿಷ ಮುಗಿಯುವಾಗ 20 ಫ್ರೇಮು, ಅಂದರೆ ಸೆಕೆಂಡಿನ ಮೂರನೇ ಎರಡು ಭಾಗ ತಡವಾಗುತ್ತದೆ. ಆರಂಭದಲ್ಲಿ ಚೆನ್ನಾಗಿದ್ದದ್ದು ಕೊನೆಯಲ್ಲಿ ಯಾಕೆ ಸಡಿಲವಾಯಿತೆಂದು ತಲೆ ಕೆರೆದುಕೊಳ್ಳುವವರು ಈ ಲೆಕ್ಕ ಮಾಡಿ ನೋಡಲಿ. ಪ್ರತಿ ಏಳನೇ ಬಡಿತಕ್ಕೆ ಒಂದು ಫ್ರೇಮು ಕಡಿಮೆ ಮಾಡಿದರೆ ಸಮಸ್ಯೆ ಬಗೆಹರಿಯುತ್ತದೆ.

ಗುಂಡಿನ ಸದ್ದನ್ನು ಜೋಡಿಸುವಾಗಲೂ ಎಚ್ಚರ ಬೇಕು. ಮಿಂಚು ಮೊದಲು, ಗುಡುಗು ಆಮೇಲೆ. ಸದ್ದು ತುಸು ತಡವಾಗಿ ಬರುವುದಕ್ಕೆ ನಮ್ಮ ಮಿದುಳು ಒಗ್ಗಿಕೊಂಡಿದೆ. ಮೊದಲೇ ಬಂದರೆ ಮಾತ್ರ ಥಟ್ಟನೆ ಗುರುತಿಸುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಸದ್ದು ಸುಮಾರು 45 ಮಿಲಿಸೆಕೆಂಡು ಮುಂದಾದರೆ ಅಥವಾ 125 ಮಿಲಿಸೆಕೆಂಡು ಹಿಂದಾದರೆ ಜನರಿಗೆ ಗೊತ್ತಾಗತೊಡಗುತ್ತದೆ. ಫ್ರೇಮಿನ ಲೆಕ್ಕದಲ್ಲಿ, ಹಿಂದಾದರೆ ಮೂರು ಫ್ರೇಮಿನವರೆಗೆ ಕ್ಷಮೆಯುಂಟು, ಮುಂದಾದರೆ ಒಂದಕ್ಕಷ್ಟೇ.

ರಾಗದ ಬೆನ್ನಿಗಿರುವ ಚರಿತ್ರೆ

ಇಂಪಾಗಿದೆ ಎಂದ ಮಾತ್ರಕ್ಕೆ ಯಾವ ರಾಗವನ್ನೂ ಬಳಸಬಾರದು ಎಂಬುದಕ್ಕೆ 1992ರ ‘ವುಲ್ಫೆನ್‌ಸ್ಟೈನ್ ತ್ರೀಡಿ’ ಆಟವೇ ನಿದರ್ಶನ. ನಾಜಿಗಳ ಕೋಟೆಯಿಂದ ತಪ್ಪಿಸಿಕೊಳ್ಳುವ ಸೈನಿಕನ ಕಥೆ ಅದು. ಕಥೆಗೆ ತಕ್ಕಂತೆ ಅದರ ಆರಂಭದಲ್ಲಿ ನಾಜಿ ಪಕ್ಷದ ಅಧಿಕೃತ ಗೀತೆಯಾಗಿದ್ದ ‘ಹೋರ್ಸ್ಟ್ ವೆಸೆಲ್ ಗೀತೆ’ಯ ಧಾಟಿಯನ್ನು ಅಳವಡಿಸಲಾಗಿತ್ತು. ನಾಜಿ ಚಿಹ್ನೆಗಳಂತೆ ಆ ಗೀತೆಗೂ ಜರ್ಮನಿಯಲ್ಲಿ ನಿಷೇಧವಿದೆ. ನಾಜಿಗಳ ವಿರುದ್ಧವೇ ಇದ್ದ ಆಟವಾದರೂ 1994ರಲ್ಲಿ ಅಲ್ಲಿ ಅದು ಜಪ್ತಿಗೆ ಒಳಗಾಯಿತು. 2018ರಲ್ಲಿ ಆಟಗಳ ಮಟ್ಟಿಗೆ ಅಲ್ಲಿನ ನಿಯಮ ಸಡಿಲಗೊಂಡಿತು, ನಿಜ. ಆದರೆ ಆ ಪಕ್ಷದ ಕೈಯಲ್ಲಿ ಬಂಧುಗಳನ್ನು ಕಳೆದುಕೊಂಡ ಕುಟುಂಬಗಳಿಗೆ ಆ ಧಾಟಿ ಎಂದಿಗೂ ಬರಿಯ ಆಟದ ಸಂಗೀತವಾಗಲಾರದು. ಇಲ್ಲಿ ಕುಳಿತ ಹುಡುಗನೊಬ್ಬ ಅದನ್ನು ‘ಹಳೆಯ ನೆನಪು’ ಎಂದು ಬಳಸಿದರೆ ಎಲ್ಲೋ ಯಾರದೋ ಗಾಯ ಕೆರೆದಂತಾಗುತ್ತದೆ. ಧಾಟಿ ಎಲ್ಲಿಂದ ಬಂತೆಂದು ಕೇಳಿಕೊಳ್ಳುವುದು ಸಂಗೀತ ಆರಿಸುವವರ ಮೊದಲ ಕರ್ತವ್ಯ.

ಯಾರ ಸ್ವತ್ತು?

ಇನ್ನು ತಂದೆತಾಯಿಯರೂ ತಿಳಿದಿರಬೇಕಾದ ವಿಷಯ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಂಗೀತ ರಚನೆಯೊಂದು ರಚಿಸಿದವರ ಜೀವಿತಾವಧಿ ಮತ್ತು ಅವರ ನಂತರ 60 ವರ್ಷಗಳ ಕಾಲ ರಕ್ಷಿತ. ಧ್ವನಿಮುದ್ರಣಕ್ಕೆ ಬೇರೆಯೇ ಹಕ್ಕು. ಅದು ಪ್ರಕಟವಾದ ನಂತರ 60 ವರ್ಷ. 1847ರಲ್ಲಿ ಕಾಲವಾದ ತ್ಯಾಗರಾಜರ ಕೃತಿ ಎಲ್ಲರ ಸ್ವತ್ತು. ಆದರೆ ಅದನ್ನು ವಿದ್ವಾಂಸರೊಬ್ಬರು ಹತ್ತು ವರ್ಷದ ಹಿಂದೆ ಹಾಡಿದ ಮುದ್ರಣ ಎಲ್ಲರ ಸ್ವತ್ತಲ್ಲ. 1978ರ ಆಟದ ಸಂಗೀತಕ್ಕೂ ಈ ಅವಧಿ ಮುಗಿದಿಲ್ಲ.

‘ಹತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ತಪ್ಪಿಲ್ಲ’, ‘ಹೆಸರು ಹಾಕಿದರೆ ಸಾಕು’ ಎಂಬ ಮಾತುಗಳು ಹುಡುಗರ ನಡುವೆ ಓಡಾಡುತ್ತವೆ. ಎರಡಕ್ಕೂ ಆಧಾರವಿಲ್ಲ. ಯೂಟ್ಯೂಬ್ 2007ರಲ್ಲಿ ಜಾರಿಗೆ ತಂದ ‘ಕಂಟೆಂಟ್ ಐಡಿ’ ವ್ಯವಸ್ಥೆ ಧ್ವನಿಯನ್ನು ಬೆರಳಚ್ಚಿನಂತೆ ಹೋಲಿಸಿ ನೋಡುತ್ತದೆ. ಹೋಲಿಕೆ ಸಿಕ್ಕರೆ ವಿಡಿಯೊವನ್ನು ತಡೆಯುವ ಅಥವಾ ಅದರ ಜಾಹೀರಾತಿನ ಹಣವನ್ನು ಪಡೆಯುವ ಅವಕಾಶ ಹಾಡಿನ ಒಡೆಯರಿಗಿದೆ. ಆಟದ ದೃಶ್ಯಗಳಿಗೂ ಒಡೆಯರಿದ್ದಾರೆ. ಹಲವು ಕಂಪನಿಗಳು ಷರತ್ತಿನ ಮೇಲೆ ಅನುಮತಿ ನೀಡಿವೆ. ಆ ಷರತ್ತುಗಳನ್ನು ಓದಿಯೇ ಮುಂದುವರಿಯಬೇಕು.

ಡೂಮ್ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. 1997ರಲ್ಲಿ ಅದರ ಪ್ರೋಗ್ರಾಮನ್ನು ಸಾರ್ವಜನಿಕರಿಗೆ ಬಿಟ್ಟುಕೊಡಲಾಯಿತು. ಸಂಗೀತ ಮತ್ತು ಚಿತ್ರಗಳನ್ನಲ್ಲ. ಆ ಕೊರತೆ ತುಂಬಲು ಆಸಕ್ತರೇ ಸೇರಿ ‘ಫ್ರೀಡೂಮ್’ ಎಂಬ ಯೋಜನೆಯಡಿ ಹೊಸ ಸಂಗೀತ, ಹೊಸ ಚಿತ್ರಗಳನ್ನು ರಚಿಸಿದ್ದಾರೆ. ಪರವಾನಗಿಯ ಸೂಚನೆಯನ್ನು ಉಳಿಸಿಕೊಂಡು ಅವನ್ನು ಯಾರೂ ಬಳಸಬಹುದು. 2002ರಲ್ಲಿ ಆರಂಭವಾದ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯ ಸಂಗೀತವೂ ಧಾರಾಳವಾಗಿ ದೊರೆಯುತ್ತದೆ. ಆದರೆ ‘ಮಾರ್ಪಾಡು ಕೂಡದು’ ಎಂಬ ಷರತ್ತಿದ್ದರೆ ಅದು ವಿಡಿಯೊಗೆ ಒದಗುವುದಿಲ್ಲ. ಚಿತ್ರಕ್ಕೆ ಹೊಂದಿಸುವುದನ್ನೂ ಅಲ್ಲಿ ಮಾರ್ಪಾಡು ಎಂದೇ ಪರಿಗಣಿಸಲಾಗುತ್ತದೆ.

ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ ಸ್ವಂತ ರಚನೆ. ನಾಲ್ಕು ಸ್ವರಗಳಿಂದ ಜಗತ್ತನ್ನೇ ಕೂರಿಸಿದ ಆಟದ ಉದಾಹರಣೆ ಮುಂದಿದೆ. ಆ ಸ್ವರಗಳನ್ನೇ ನಕಲು ಮಾಡುವುದು ಬೇಡ. ಕೀಬೋರ್ಡ್ ಕಲಿಯುವ ತಂಗಿ, ಮೃದಂಗ ನುಡಿಸುವ ಗೆಳೆಯ ಸೇರಿ ತಮ್ಮದೇ ಇಳಿಸ್ವರಗಳನ್ನು ಕಟ್ಟಿ, ದೃಶ್ಯದೊಂದಿಗೆ ವೇಗ ಏರಿಸುತ್ತ ಹೋದರೆ ಸಾಕು.

ಹಿರಿಯರ ಪಾಲು

ಡೂಮ್, ಕ್ವೇಕ್‌ಗಳು ಮಕ್ಕಳಿಗಾಗಿ ಮಾಡಿದ ಆಟಗಳಲ್ಲ. ಅಮೆರಿಕದ ವರ್ಗೀಕರಣದಲ್ಲಿ ಅವು 17 ವರ್ಷ ಮೇಲ್ಪಟ್ಟವರಿಗೆ. ಕಿರಿಯರು ಸ್ಪೇಸ್ ಇನ್ವೇಡರ್ಸ್‌ನಂಥ ಆಟದಿಂದ ತೊಡಗುವುದು ಒಳ್ಳೆಯದು. ಹಾಗೆಂದು ‘ಗುಂಡು ಹೊಡೆಯುವ ಆಟ’ ಎಂದು ಮೂಗು ಮುರಿದು ಕಂಪ್ಯೂಟರ್ ಆರಿಸುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೆ. ಮೂರು ನಿಮಿಷದ ಇಂಥ ಕೆಲಸದಲ್ಲಿ ಭೌತಶಾಸ್ತ್ರವಿದೆ, ಗಣಿತವಿದೆ, ಚರಿತ್ರೆಯಿದೆ, ಇನ್ನೊಬ್ಬರ ದುಡಿಮೆಯನ್ನು ಗೌರವಿಸುವ ಪಾಠವಿದೆ. ‘ಈ ಸಂಗೀತ ಯಾರದು, ಕೇಳಿ ತಂದೆಯಾ?’ ಎಂದು ಅಪ್ಪ ಅಮ್ಮ ಒಮ್ಮೆ ವಿಚಾರಿಸಿದರೆ ಆ ಪಾಠ ಮನಸ್ಸಿಗೆ ಇಳಿಯುತ್ತದೆ.

ಕೊನೆಯ ಐದು ಸೆಕೆಂಡುಗಳನ್ನು ಹೆಸರುಗಳಿಗೆ ಮೀಸಲಿಡಬೇಕು: ಆಟ ರೂಪಿಸಿದವರು, ಸಂಗೀತ ಕೊಟ್ಟವರು, ತಾಳ ಹಾಕಿದ ಗೆಳೆಯರು. ಆಡಿದ ಲಕ್ಷಾಂತರ ಜನರಿಗೆ ರಾಗ ನೆನಪಿದೆ, ರಾಗ ಕಟ್ಟಿದವರ ಹೆಸರು ನೆನಪಿಲ್ಲ. ಮೊದಲು ಅನುಮತಿ, ಕೊನೆಗೆ ಹೆಸರು. ಹಳೆಯ ಆಟಕ್ಕೆ ಸಲ್ಲಿಸುವ ನಿಜವಾದ ಗೌರವ ಇವೆರಡರಲ್ಲೇ ಇದೆ.